ಕಡ್ಡಿಯ ಆಕ್ಸಲ್, ಮೇಸ್ತ್ರಿಯ ಬಿಗಿ

ಆ ಸೈಕಲ್ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ರಿಪೇರಿಯಾದ ಗಾಡಿ ಹೊಸ್ತಿಲು ದಾಟುವ ಮುಂಚೆ ಮೇಸ್ತ್ರಿಯ ಕೈ ಅದನ್ನು ಮುಟ್ಟಲೇಬೇಕು. ಮುಟ್ಟುವುದೆಂದರೆ ಬರೀ ಸವರುವುದಲ್ಲ. ಸ್ಪ್ಯಾನರ್ ಹಿಡಿದು ಹಿಂಚಕ್ರದ ನಟ್ಟಿಗೆ ಇನ್ನೊಂದು ಕಾಲು ಸುತ್ತು ಕೊಡುವುದು. ನಟ್ಟು ಆಗಲೇ ಬಿಗಿಯಾಗಿದ್ದರೂ ಕಾಲು ಸುತ್ತು. ಗಿರಾಕಿ ತಾನೇ ಬಿಗಿ ಮಾಡಿಕೊಂಡು ಬಂದಿದ್ದರೂ ಕಾಲು ಸುತ್ತು. ಒಮ್ಮೆ ಯಾರೋ ಬರೀ ಗಾಳಿ ಹೊಡೆಸಿಕೊಳ್ಳಲು ಬಂದವರ ಗಾಡಿಗೂ ಕಾಲು ಸುತ್ತು ಬಿದ್ದು, ಮುಂದಿನ ಸಲ ಪಂಕ್ಚರ್ ಆದಾಗ ಆ ಮನುಷ್ಯ ನಟ್ಟು ಬಿಚ್ಚಲಾಗದೆ ಸೈಕಲನ್ನು ಹೆಗಲ ಮೇಲೆ ಹೊತ್ತುಕೊಂಡೇ ಬಂದಿದ್ದ.

ಮೇಸ್ತ್ರಿಗೆ ಒಬ್ಬಳೇ ಮಗಳು. ಹುಟ್ಟಿದಾಗಿನಿಂದ ಸಣಕಲು, ಅದಕ್ಕೇ ಊರಿಗೆಲ್ಲ ಅವಳು ಕಡ್ಡಿ. ಚಕ್ರದ ಕಡ್ಡಿಗಳ ನಡುವೆಯೇ ಬೆಳೆದವಳಾದ್ದರಿಂದ ಆ ಹೆಸರಿನ ಬಗ್ಗೆ ಅವಳಿಗೆ ಬೇಸರವೂ ಇರಲಿಲ್ಲ. ಬೇಸರ ಇದ್ದದ್ದು ಹಿಂಚಕ್ರದ ಮೇಲೆ. ಮುಂಚಕ್ರ ಸಾಧು ಪ್ರಾಣಿ. ಎರಡು ನಟ್ಟು ಸಡಿಲಿಸಿದರೆ ಕೈಗೆ ಬಂತು. ಹಿಂಚಕ್ರ ಹಾಗಲ್ಲ. ಅದರ ಕೊರಳಿಗೆ ಚೈನು ಸುತ್ತಿಕೊಂಡಿರುತ್ತದೆ. ಅದನ್ನು ಬಿಡಿಸಿ, ಚಕ್ರ ಎಳೆದು, ಮತ್ತೆ ಕೂರಿಸಿ, ಚೈನು ಏರಿಸಿ, ನೆಟ್ಟಗೆ ಮಾಡಿ ಬಿಗಿಯುವಷ್ಟರಲ್ಲಿ ಮೊಣಕೈವರೆಗೂ ಕಪ್ಪು ಗ್ರೀಸು, ಬಾಯಿ ತುಂಬ ಬೈಗುಳ.

ಈ ಬೈಗುಳವನ್ನು ಅತಿ ಚೆನ್ನಾಗಿ ಬಲ್ಲವಳು ಕಡ್ಡಿಯ ಅಮ್ಮ. ಅವಳು ಅಂಚೆಯವಳು. ದಿನಕ್ಕೆ ಮೂವತ್ತು ಕಿಲೋಮೀಟರು ಸೈಕಲ್ ತುಳಿದು ಕಾಗದ ಹಂಚುತ್ತಿದ್ದಳು. ದಾರಿಯಲ್ಲಿ ಹಿಂಚಕ್ರ ಪಂಕ್ಚರ್ ಆದ ದಿನ ಅವಳು ಹಂಚಿದ ಪ್ರತಿ ಕಾಗದದ ಮೇಲೂ ಕಪ್ಪು ಹೆಬ್ಬೆರಳಿನ ಗುರುತು. ಒಬ್ಬರಂತೂ ಅಂಚೆ ಡಿಪೋಗೆ ದೂರು ಬರೆದಿದ್ದರು: "ನಿಮ್ಮವರು ಕಾಗದ ಕೊಡುತ್ತಾರೋ, ಸಾಕ್ಷಿಗೆ ಹೆಬ್ಬೆಟ್ಟು ಒತ್ತುತ್ತಾರೋ ತಿಳಿಯದು."

ಆ ದೂರು ಮನೆಯಲ್ಲಿ ಓದಿ ನಕ್ಕ ದಿನ ಕಡ್ಡಿ ಹೊಸ ಆಕ್ಸಲ್ಲಿಗೆ ಕೈಹಾಕಿದಳು. ಮೂರು ವರ್ಷ ಹಿಡಿಯಿತು. ಆರು ಕೆಟ್ಟವು, ಏಳನೆಯದು ಗೆದ್ದಿತು. ಅದರಲ್ಲಿ ನಟ್ಟೇ ಇಲ್ಲ. ಟೊಳ್ಳು ಹಬ್ಬಿನೊಳಗೆ ಎಡಗಡೆಯಿಂದ ಒಂದು ಉದ್ದನೆಯ ಸರಳು ತೂರಿ ಬಲಗಡೆಯ ಫ್ರೇಮಿನಲ್ಲಿ ಸ್ಕ್ರೂವಿನಂತೆ ತಿರುಗಿ ಕೂರುತ್ತದೆ. ತಿರುಗಿಸಲು ಎಡಗಡೆ ಒಂದು ಹಿಡಿ. ಹಿಡಿಯನ್ನು ನಾಲ್ಕು ಸುತ್ತು ತಿರುಗಿಸಿ ಸರಳು ಎಳೆದರೆ ಎಡಗಡೆಯ ದಪ್ಪ ವಾಷರ್ ಉದುರುತ್ತದೆ, ಆ ಸಂದಿನಲ್ಲಿ ಚಕ್ರವನ್ನು ಸರಿಸಿ ಕೆಳಗೆ ಇಳಿಸಿದರೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಹಲ್ಲುಚಕ್ರವೂ ಚೈನೂ ಎಲ್ಲಿದ್ದವೋ ಅಲ್ಲೇ, ಫ್ರೇಮಿಗೆ ಅಂಟಿಕೊಂಡು ನಿಂತಿರುತ್ತವೆ. ಚೈನನ್ನು ಮುಟ್ಟುವ ಮಾತೇ ಇಲ್ಲ.

ಎಂಟು ತಿಂಗಳು ಅಮ್ಮ ಅದನ್ನೇ ಹಾಕಿಕೊಂಡು ಅಂಚೆ ಹಂಚಿದಳು. ಒಂದೇ ಒಂದು ಹೆಬ್ಬೆಟ್ಟಿನ ಗುರುತು ಬೀಳಲಿಲ್ಲ. ಡಿಪೋದವರೆಲ್ಲ "ನಂಗೂ ಒಂದು, ನಂಗೂ ಒಂದು" ಎಂದು ಬೆನ್ನು ಹತ್ತಿದರು. ಆದರೆ ಮೇಸ್ತ್ರಿ ಮಾತ್ರ ಅದನ್ನು ಬೆರಳಿನಿಂದಲೂ ಮುಟ್ಟಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹಾಗೆ.

"ನಟ್ಟಿಲ್ಲದ ಚಕ್ರ, ಹಲ್ಲಿಲ್ಲದ ಬಾಯಿ," ಅನ್ನುತ್ತಿದ್ದ. "ಆಟಕ್ಕೆ ಚೆಂದ."

ಅಷ್ಟು ಅಂದು ಸ್ಪ್ಯಾನರ್ ಎತ್ತಿಕೊಂಡು ಬೇರೆ ಗಾಡಿಯ ಕಡೆ ತಿರುಗುತ್ತಿದ್ದ. ಕಡ್ಡಿಗೆ ಒಳಗೇ ಉರಿಯುತ್ತಿತ್ತು. ಊರೆಲ್ಲ ಹೊಗಳಿದರೇನು, ಈ ಒಬ್ಬ ಮನುಷ್ಯ "ಪರವಾಗಿಲ್ಲ" ಅಂದಿದ್ದರೆ ಅವಳಿಗೆ ಸಾಕಾಗುತ್ತಿತ್ತು.

ಹೀಗಿರುವಾಗ ಅಂಚೆ ಡಿಪೋದ ಸಾಹೇಬರು ಪರೀಕ್ಷೆಗೆ ದಿನ ಗೊತ್ತುಮಾಡಿದರು. ಪಾಸಾದರೆ ಡಿಪೋದ ನಾನೂರು ಸೈಕಲ್ಲಿಗೂ ಕಡ್ಡಿಯ ಆಕ್ಸಲ್. ಷರತ್ತು ಮೂರು: ಹಿಂಚಕ್ರ ಬಿಚ್ಚಿ ಮತ್ತೆ ಹಾಕಲು ಒಂದು ನಿಮಿಷ ಮೀರಬಾರದು, ಸ್ಪ್ಯಾನರ್ ಮುಂತಾದ ಯಾವ ಹತ್ಯಾರವೂ ಕೂಡದು, ಕೊನೆಗೆ ಸಾಹೇಬರ ಬಿಳಿ ಕರವಸ್ತ್ರದಲ್ಲಿ ಕೈ ಒರೆಸಿದರೆ ಕಲೆ ಬೀಳಬಾರದು. ನಪಾಸಾದರೆ ಐದು ವರ್ಷ ಆ ಸಾಮಾನು ಡಿಪೋದ ಗೇಟಿನೊಳಗೆ ಬರುವಂತಿಲ್ಲ. ಅದು ಸಾಹೇಬರು ಮಾಡಿದ ನಿಯಮವಲ್ಲ, ಅವರಿಗಿಂತ ಹಿಂದಿನ ಸಾಹೇಬರು ಮಾಡಿದ್ದು. ಆದ್ದರಿಂದ ಇನ್ನೂ ಗಟ್ಟಿ.

ಐದು ವರ್ಷ! ಕಡ್ಡಿ ಆ ವಾರವೆಲ್ಲ ಕೂತಲ್ಲಿ ನಿಂತಲ್ಲಿ ಹಿಡಿ ತಿರುಗಿಸುವ ಅಭ್ಯಾಸ ಮಾಡಿದಳು. ಊಟದ ತಟ್ಟೆಯನ್ನೂ ನಾಲ್ಕು ಸುತ್ತು ತಿರುಗಿಸಿಯೇ ಎತ್ತುತ್ತಿದ್ದಳು.

ಪರೀಕ್ಷೆಯ ದಿನ ಬೆಳಗ್ಗೆ ಡಿಪೋದ ಅಂಗಳ ಕಿಕ್ಕಿರಿದಿತ್ತು. ಹನ್ನೊಂದಕ್ಕೆ, ಹೋಲಿಸಿ ನೋಡಲೆಂದು, ಮೊದಲ ಸರದಿ ಡಿಪೋದ ಫಿಟ್ಟರನದು. ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ನಾಲ್ಕ್ನಿಮಿಷ ಎಂದು. ಹಳೆಯ ನಮೂನೆಯ ಹಿಂಚಕ್ರವನ್ನು ನಾಲ್ಕೇ ನಿಮಿಷದಲ್ಲಿ ಬಿಚ್ಚಿ ಹಾಕಬಲ್ಲ ಮನುಷ್ಯ ಸುತ್ತಮುತ್ತ ಅವನೊಬ್ಬನೇ. ಮೇಸ್ತ್ರಿಗೂ ನಾಲ್ಕೂವರೆ ಬೇಕು. ಅವತ್ತು ಅವನು ಮೈಮೇಲೆ ಬಂದವನಂತೆ ದುಡಿದು ಮೂರು ನಿಮಿಷ ಐವತ್ತೆರಡು ಸೆಕೆಂಡಿಗೆ ಮುಗಿಸಿದ. ಚಪ್ಪಾಳೆಯೋ ಚಪ್ಪಾಳೆ. ಸಾಹೇಬರು ಕರವಸ್ತ್ರ ಕೊಟ್ಟರು. ಅವನು ಒರೆಸಿ ವಾಪಸು ಕೊಟ್ಟ ಮೇಲೆ ಅದನ್ನು ಎರಡು ಬೆರಳಲ್ಲಿ ಹಿಡಿದು ಕಸದ ಡಬ್ಬಿಗೆ ಬಿಟ್ಟು, ಜೇಬಿನಿಂದ ಇನ್ನೊಂದು ತೆಗೆದರು.

"ಈಗ ನೀನಮ್ಮ," ಅಂದರು.

ಕಡ್ಡಿ ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡು ಅಮ್ಮನ ಸೈಕಲ್ಲಿನ ಮುಂದೆ ಕುಳಿತಳು. ಬೆಳಗ್ಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದಳು. ಕೈ ಕೊಳೆಯಾಗುವುದಿಲ್ಲ ಎಂಬ ಜಂಬ ಅದು. ಸಾಹೇಬರು ಗಡಿಯಾರ ಒತ್ತಿದರು. ಕಡ್ಡಿ ಹಿಡಿ ಹಿಡಿದು ತಿರುಗಿಸಿದಳು.

ಹಿಡಿ ಜಪ್ಪಯ್ಯ ಅನ್ನಲಿಲ್ಲ.

ಇನ್ನೊಮ್ಮೆ ತಿರುಗಿಸಿದಳು. ಎರಡು ಕೈ ಹಾಕಿದಳು. ಎದ್ದು ನಿಂತು ಕಾಲು ಊರಿ ಎಳೆದಳು. ಹಿಡಿ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಮಾಡಿದ್ದು, ಬಗ್ಗುವ ಜಾತಿಯಲ್ಲ. ಅವಳು ಅದರ ಮೇಲೆ ಹತ್ತಿಯೇ ನಿಂತಳು. ಸೈಕಲ್ಲು ಅಡ್ಡಬಿತ್ತು, ಅವಳೂ ಬಿದ್ದಳು, ಬಿಳಿ ಅಂಗಿಗೆ ಅಂಗಳದ ಮಣ್ಣು ಮೆತ್ತಿತು, ಹಿಡಿ ಮಾತ್ರ ಅಲ್ಲೇ ಇತ್ತು. ಇಬ್ಬರು ಅಂಚೆಯವರು ಸೈಕಲ್ಲನ್ನು ಹಿಡಿದುಕೊಂಡರು, ಒಬ್ಬರು ಕಡ್ಡಿಯನ್ನೇ ಸೊಂಟ ಹಿಡಿದು ಎಳೆದರು. ಒಂದು ನಿಮಿಷ ಕಳೆಯಿತು. ಎರಡಾಯಿತು. ನಾಲ್ಕ್ನಿಮಿಷನ ಮುಖ ಅರಳುತ್ತಾ ಬಂತು.

"ಏನಮ್ಮ," ಅಂದರು ಸಾಹೇಬರು, "ಇದು ಬಿಚ್ಚೋ ಆಕ್ಸಲ್ಲೋ, ಬಿಚ್ಚದೇ ಇರೋ ಆಕ್ಸಲ್ಲೋ?"

ಕಡ್ಡಿ ಬಗ್ಗಿ ಹಿಡಿಯ ಬುಡ ನೋಡಿದಳು. ಸ್ಕ್ರೂ ಕಚ್ಚಿಕೊಂಡಿದೆಯೇ? ತುಕ್ಕೇ? ನಿನ್ನೆ ಸಂಜೆ ತಾನೇ ಇಪ್ಪತ್ತು ಸಲ ಬಿಚ್ಚಿ ಹಾಕಿದ್ದಳು. ನಿನ್ನೆ ಸಂಜೆಯಿಂದ ಈಗಿನವರೆಗೆ... ಅವಳು ಮೆಲ್ಲನೆ ತಲೆಯೆತ್ತಿ ಗುಂಪಿನಲ್ಲಿ ಅಪ್ಪನನ್ನು ಹುಡುಕಿದಳು. ಮೇಸ್ತ್ರಿ ಡಿಪೋದ ಚಾವಣಿಯ ತಗಡುಗಳನ್ನು ಒಂದೊಂದಾಗಿ ಎಣಿಸುತ್ತಾ ನಿಂತಿದ್ದ.

"ಅಪ್ಪಾ."

ಮೇಸ್ತ್ರಿ ಎಣಿಕೆ ನಿಲ್ಲಿಸಲಿಲ್ಲ.

"ಅಪ್ಪಾ! ಮುಟ್ಟಿದ್ಯಾ?"

"ಕಾಲು ಸುತ್ತು," ಅಂದ ಮೇಸ್ತ್ರಿ, ತಗಡಿಗೆ.

"ಬರೀ ಕೈಯಲ್ಲಾ?"

"ಪೈಪ್ ಹಾಕಿದ್ದೆ. ಚಿಕ್ಕದು."

"ಎಷ್ಟು ಚಿಕ್ಕದು?"

"ಎರಡಡಿ."

"ಒಂದೇ ಕಾಲು ಸುತ್ತು ತಾನೆ?"

ಮೇಸ್ತ್ರಿ ಇಂಗು ತಿಂದ ಮಂಗನ ಹಾಗೆ ಕೆಳಗೆ ನೋಡಿದ. "ಮೂರು," ಅಂದ.

ಅಂಗಳದಲ್ಲಿ ನಗೆಯ ಅಲೆ ಎದ್ದಿತು. ಅಮ್ಮ ಮಾತ್ರ ನಗಲಿಲ್ಲ. ಅವಳು ಖಾಕಿ ಚೀಲ ಹೆಗಲಿಗೇರಿಸಿಕೊಂಡು ನೇರ ಸಾಹೇಬರ ಮುಂದೆ ಹೋಗಿ ನಿಂತಳು.

"ಸಾಹೇಬ್ರೇ, ಇದು ಆಕ್ಸಲ್ ತಪ್ಪಲ್ಲ. ನಮ್ಮನೆಯವರ ತಪ್ಪು. ಆಕ್ಸಲ್ಲನ್ನ ನಪಾಸ್ ಮಾಡ್ಬೇಡಿ. ಬೇಕಾದ್ರೆ ಇವರನ್ನ ನಪಾಸ್ ಮಾಡಿ."

ಸಾಹೇಬರು ಪೆನ್ನಿನ ಮುಚ್ಚಳ ತೆಗೆದಿದ್ದರು. ಕೆಟ್ಟ ಮನುಷ್ಯರಲ್ಲ, ನಿಯಮದ ಮನುಷ್ಯರು, ಅಷ್ಟೆ. "ಅಲ್ಲಮ್ಮ," ಅಂದರು, "ನಿಮ್ಮ ಮನೇಲಿ ಇಂಥವರು ಒಬ್ಬರಿದ್ದಾರೆ. ನಂಗೆ ನಾನೂರು ಸೈಕಲ್ಲಿದೆ, ನಾನೂರು ಮನೆಗೆ ಹೋಗುತ್ತೆ. ಇಂಥವರು ಎಷ್ಟು ಮನೇಲಿದ್ದಾರೆ ಅಂತ ನಾನು ಹೇಗೆ ಹೇಳಲಿ?"

"ನಮ್ಮನೇಲಿ ಇದ್ದಾರೆ," ಅಂತು ಗುಂಪಿನಿಂದ ಒಂದು ದನಿ. "ನಮ್ಮಣ್ಣ."

"ನಮ್ಮ ಮಾವ. ನಲ್ಲಿನೂ ಬಿಡಲ್ಲ."

"ನನ್ನ ಹೆಂಡ್ತಿ ಉಪ್ಪಿನಕಾಯಿ ಜಾಡಿ ಮುಚ್ಚಿದ್ರೆ, ಒಡೆದೇ ತಿನ್ಬೇಕು."

ಒಂದೊಂದಾಗಿ ಕೈಗಳು ಮೇಲೆದ್ದವು. ನಾಲ್ಕ್ನಿಮಿಷನೂ ಎತ್ತಿದ, ಅವನ ಮನೆಯಲ್ಲಿ ಅವನೇ. ಕಡ್ಡಿ ಮಣ್ಣಿನಲ್ಲಿ ಕುಳಿತೇ ಆ ಕೈಗಳನ್ನೆಲ್ಲ ನೋಡಿದಳು. ಮೂರು ವರ್ಷ ಅವಳು ಯೋಚಿಸಿದ್ದು ಒಂದೇ: ಚಕ್ರ ಹೇಗೆ ಬೇಗ ಬಿಚ್ಚಿಕೊಳ್ಳಬೇಕು ಎಂದು. ಅದನ್ನು ಬಿಗಿ ಮಾಡುವ ಮನುಷ್ಯ ಯಾರು ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಅಂಥವನ ಮನೆಯಲ್ಲೇ ಹುಟ್ಟಿ, ಅಂಥವನ ಅಂಗಡಿಯಲ್ಲೇ ಬೆಳೆದು! ಅವಳಿಗೆ ಅಳು ಬರಬೇಕಿತ್ತು. ಬಂದದ್ದು ನಗು. ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಸಾಹೇಬ್ರು ಹೇಳಿದ್ದು ಸರಿ," ಅಂದಳು, ಕಣ್ಣೊರೆಸಿಕೊಳ್ಳುತ್ತಾ. "ತಪ್ಪು ಅಪ್ಪಂದಲ್ಲ, ಆಕ್ಸಲ್ಲಿಂದೇ. ಪರೀಕ್ಷೆ ಎಷ್ಟೊತ್ತಿನವರೆಗೂ ಇದೆ ಸಾಹೇಬ್ರೇ?"

ಸಾಹೇಬರು ನಿಯಮದ ಪುಸ್ತಕ ತೆರೆದರು. ಹಿಂದಿನ ಸಾಹೇಬರು ಅದನ್ನೂ ಬರೆದಿಟ್ಟಿದ್ದರು. "ಸಂಜೆ ಐದು. ಅಷ್ಟರೊಳಗೆ ನಾನು ಫಲಿತಾಂಶ ಬರೀಬೇಕು."

"ಹಾಗಾದ್ರೆ ಐದರೊಳಗೆ ಬರ್ತೀನಿ. ಅಪ್ಪಾ, ಹತ್ತು ಹಿಂದೆ! ಬಿಗಿ ಮಾಡಿದ್ದೀಯಲ್ಲ, ನೀನೇ ಕೂತ್ಕೋ."

ಅಮ್ಮ ಡಿಪೋದ ಇನ್ನೊಂದು ಸೈಕಲ್ ಹತ್ತಿ ಮಧ್ಯಾಹ್ನದ ಅಂಚೆಗೆ ಹೊರಟಳು. ಯಾರು ಪಾಸಾದರೂ ಯಾರು ನಪಾಸಾದರೂ ಕಾಗದ ಕಾಯುವುದಿಲ್ಲ. ಹೋಗುವಾಗ ಗಂಡನ ಕಡೆ ಒಂದು ನೋಟ ಬಿಸಾಕಿ ಹೋದಳು. ಮೇಸ್ತ್ರಿ ಅದನ್ನು ತಪ್ಪಿಸಿಕೊಳ್ಳಲು ಕ್ಯಾರಿಯರ್ ಮೇಲೆ ಹಿಂದುಮುಂದಾಗಿ ಕೂತುಬಿಟ್ಟ.

ಹಾಗೇ ಹಿಂದುಮುಂದಾಗಿ ಕೂತವನನ್ನು ಹೊತ್ತು ಕಡ್ಡಿ ಪೇಟೆಯ ಬೀದಿಯಲ್ಲಿ ಗಾಳಿಯಂತೆ ತುಳಿದಳು. ಅವಳ ತಲೆಯಲ್ಲಿ ಒಂದೇ ಪ್ರಶ್ನೆ. ಅಪ್ಪನಂಥವನು ಎಷ್ಟು ತಿರುಗಿಸಿದರೂ ಬೇಕಾದಷ್ಟಕ್ಕಿಂತ ಹೆಚ್ಚು ಬಿಗಿಯಾಗದ ವಸ್ತು ಪ್ರಪಂಚದಲ್ಲಿ ಏನಿದೆ? ಅತಿಯಾದರೆ ಅಮೃತವೂ ವಿಷ ಅನ್ನುವುದು ಸುಲಭ. ಅತಿಯಾಗದ ಹಾಗೆ ಮಾಡುವುದು ಹೇಗೆ?

ಬೀದಿಯ ಅಂಚಿನಲ್ಲಿ ಒಂದು ಲಾರಿ ನಿಂತಿತ್ತು. ಡ್ರೈವರು ಟ್ಯಾಂಕಿಗೆ ಡೀಸೆಲ್ ಸುರಿದು ಮುಚ್ಚಳ ತಿರುಗಿಸುತ್ತಿದ್ದ. ಟಕ್, ಟಕ್, ಟಕ್.

ಕಡ್ಡಿ ಎರಡೂ ಬ್ರೇಕ್ ಒಟ್ಟಿಗೆ ಹಿಡಿದಳು. ಮೇಸ್ತ್ರಿ ಕ್ಯಾರಿಯರಿನಿಂದ ಕೆಳಗಿಳಿದ. ಇಳಿಯುವ ಇರಾದೆ ಅವನಿಗೇನೂ ಇರಲಿಲ್ಲ.

"ಅಣ್ಣಾ, ಅಣ್ಣಾ, ಆ ಮುಚ್ಚಳ ಒಂದ್ಸಲ ತಿರುಗಿಸ್ಲಾ?"

ಡ್ರೈವರು ಮಣ್ಣು ಮೆತ್ತಿದ ಬಿಳಿ ಅಂಗಿಯನ್ನೂ, ಹಿಂದೆ ಸೊಂಟ ಉಜ್ಜಿಕೊಳ್ಳುತ್ತಿದ್ದ ಮುದುಕನನ್ನೂ ನೋಡಿದ. ಹುಚ್ಚರ ಜೊತೆ ಜಗಳ ಯಾಕೆ ಎಂದು ಸರಿದು ನಿಂತ. ಕಡ್ಡಿ ತಿರುಗಿಸಿದಳು. ಟಕ್, ಟಕ್. ಮುಚ್ಚಳ ತನಗೆ ಬೇಕಾದಷ್ಟು ಬಿಗಿಯಾಗಿ, ಆಮೇಲೆ ಬರೀ ಜಾರುತ್ತಿತ್ತು.

"ಅಪ್ಪಾ, ನೀನು ತಿರುಗಿಸು. ಪೂರ್ತಿ ಬಲ ಹಾಕು."

ಮೇಸ್ತ್ರಿ ಅಂಗೈಗೆ ಉಗುಳಿಕೊಂಡು ಹಿಡಿದ. ಟಕ್, ಟಕ್, ಟಕ್, ಟಕ್. ಮುಖ ಕೆಂಪಾಯಿತು. ಟಕ್, ಟಕ್. ಅವನು ಕೈಬಿಟ್ಟು ಡ್ರೈವರಿಗೆ ಗಂಭೀರವಾಗಿ ಹೇಳಿದ, "ಇದು ಕೆಟ್ಟೋಗಿದೆ ಕಣಪ್ಪ. ಬೇರೆ ಹಾಕ್ಸು."

"ಕೆಟ್ಟಿಲ್ಲ ಅಪ್ಪಾ! ಅದು ಇರೋದೇ ಹಾಗೆ!" ಕಡ್ಡಿ ಕುಣಿದೇಬಿಟ್ಟಳು. ಡ್ರೈವರನ ಕೈ ಹಿಡಿದು ಕುಲುಕಿದಳು. ಅವನು ಲಾರಿ ಹತ್ತಿ, ಕಿಟಕಿಯ ಗಾಜು ಏರಿಸಿಕೊಂಡು ಹೊರಟುಹೋದ.

ಅಂಗಡಿ ತಲುಪಿದಾಗ ಹನ್ನೆರಡೂಕಾಲು. ಮೊದಲು ಮೂರಡಿ ಪೈಪ್ ಹಾಕಿ ಇಬ್ಬರೂ ಜೋತುಬಿದ್ದು ಮೇಸ್ತ್ರಿಯ ಬಿಗಿಯನ್ನು ಬಿಡಿಸಿದರು. ಆಮೇಲೆ ಕಡ್ಡಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದಳು. ಹಿಡಿಗೂ ಸರಳಿಗೂ ನಡುವೆ ಎರಡು ಬಿಲ್ಲೆ, ಎದುರುಬದುರು. ಎರಡಕ್ಕೂ ಹಲ್ಲು. ಬಿಗಿ ಮಾಡುವ ಕಡೆ ಹಲ್ಲು ಇಳಿಜಾರು, ಬಿಚ್ಚುವ ಕಡೆ ನೆಟ್ಟಗೆ. ಹಿಂದೆ ಒಂದು ಸ್ಪ್ರಿಂಗ್ ಬಿಲ್ಲೆಗಳನ್ನು ಒತ್ತಿಹಿಡಿಯುತ್ತದೆ. ಬಿಗಿ ಮಿತಿ ಮೀರಿತೋ, ಹಲ್ಲು ಇಳಿಜಾರಿನಲ್ಲಿ ಜಾರಿ ಟಕ್ ಅನ್ನುತ್ತದೆ. ಬಿಚ್ಚುವಾಗ ನೆಟ್ಟಗಿನ ಹಲ್ಲು ಕಚ್ಚಿಕೊಳ್ಳುತ್ತದೆ, ಜಾರುವುದಿಲ್ಲ.

ಮೇಸ್ತ್ರಿ ಬಗ್ಗಿ ನೋಡಿದ. ಇನ್ನೂ ಬಗ್ಗಿದ. ಮೂರು ವರ್ಷದಲ್ಲಿ ಮೊದಲ ಸಲ ಅವನು ಮಗಳ ಚಿತ್ರ ನೋಡುತ್ತಿದ್ದ.

"ಎಷ್ಟು ಹಲ್ಲು?" ಅಂದ.

"ಎಂಟು."

"ಹನ್ನೆರಡು ಮಾಡು."

"ಹನ್ನೆರಡು ಮಾಡಿದ್ರೆ ಸಣ್ಣದಾಗುತ್ತೆ, ಸವೆಯುತ್ತೆ."

"ಎಂಟು ಮಾಡಿದ್ರೆ ಒರಟಾಗುತ್ತೆ, ಎಗರುತ್ತೆ."

ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ಹತ್ತು ನಿಮಿಷ ಕೂಗಾಡಿ ಹತ್ತು ಹಲ್ಲಿಗೆ ರಾಜಿಯಾದರು. ಲೇತಿನ ಮೇಲೆ ಬಿಲ್ಲೆ ತಿರುವಿದವಳು ಕಡ್ಡಿ. ಹಲ್ಲು ಕೊರೆದವನು ಮೇಸ್ತ್ರಿ, ಅರದಲ್ಲಿ, ಕಣ್ಣಳತೆಯಲ್ಲಿ. ಅವನ ಕೈ ಅರ ಹಿಡಿದರೆ ಕಬ್ಬಿಣಕ್ಕೆ ಬೇರೆ ದಾರಿ ಇರಲಿಲ್ಲ. ಒಂದೊಂದು ಹಲ್ಲೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಬಂತು. ಕಡ್ಡಿ ಬಾಯಿ ಬಿಟ್ಟುಕೊಂಡು ನೋಡುತ್ತಾ ನಿಂತಳು. ಈ ಕೈಯನ್ನು ಮೂರು ವರ್ಷ ದೂರ ಇಟ್ಟುಕೊಂಡೇ ಕೆಲಸ ಮಾಡಿದೆನಲ್ಲ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಮೂರು ಗಂಟೆಗೆ ಬಿಲ್ಲೆಗಳು ಸಿದ್ಧ. ಉಳಿದದ್ದು ಒಂದೇ: ಎಷ್ಟು ಬಿಗಿಗೆ ಜಾರಬೇಕು? ಸ್ಪ್ರಿಂಗಿನ ಹಿಂದೆ ಎಷ್ಟು ವಾಷರ್ ಹಾಕಿದರೆ ಅಷ್ಟು ಬಿಗಿ. ಕಡ್ಡಿ ವಾಷರಿನ ಡಬ್ಬಿಯನ್ನು ಅಪ್ಪನ ಮುಂದೆ ಇಟ್ಟಳು.

"ಇದನ್ನ ನೀನೇ ಹೇಳ್ಬೇಕು."

ಮೇಸ್ತ್ರಿ ಏಳು ವಾಷರ್ ಹಾಕಿದ. ಕಡ್ಡಿಗೆ ಹಿಡಿ ತಿರುಗಿಸಲೇ ಆಗಲಿಲ್ಲ. ಅವನು ಒಂದು ತೆಗೆದ. ಅವಳು ಅವನನ್ನು ಸೀಟಿನ ಮೇಲೆ ಕೂರಿಸಿ ಹಿತ್ತಲಿನ ಮೂರು ಮೆಟ್ಟಿಲ ಮೇಲಿಂದ ಸೈಕಲನ್ನು ದಡದಡ ಇಳಿಸಿದಳು. ಮೇಸ್ತ್ರಿ "ಅಯ್ಯೋ" ಅಂದ, ಚಕ್ರ ಅಲುಗಲಿಲ್ಲ. ಇನ್ನೊಂದು ತೆಗೆದ. ಮತ್ತೆ ಮತ್ತೆ ಮೆಟ್ಟಿಲು, ಮತ್ತೆ ಮತ್ತೆ ಅಯ್ಯೋ, ಚಕ್ರ ಬಂಡೆ. ಆರನೆಯ ಸಲಕ್ಕೆ ಅವನಿಗೆ ಮಜಾ ಬರತೊಡಗಿತು; "ಅಯ್ಯೋ" ಹೋಗಿ "ಇನ್ನೊಂದ್ಸಲ" ಆಯಿತು. ಹತ್ತನೆಯ ಸಲ ಇಬ್ಬರೂ ಕೂತು ಇಳಿದರು. ಪಕ್ಕದ ಮನೆಯ ದರ್ಜಿ ಗೋಡೆಯ ಮೇಲಿಂದ ಇಣುಕಿ, ಏನನ್ನೂ ಕೇಳದೆ ತಲೆ ಒಳಗೆಳೆದುಕೊಂಡ.

ನಾಲ್ಕು ವಾಷರಿಗೆ ಬಂದು ನಿಂತಾಗ ಮೇಸ್ತ್ರಿ ಐದನೆಯದನ್ನು ಬೆರಳುಗಳ ನಡುವೆ ಹಿಡಿದುಕೊಂಡೇ ಇದ್ದ.

"ನೀನು ಹುಟ್ಟೋಕೆ ಮುಂಚೆ," ಅಂದ, "ನಿಮ್ಮಮ್ಮನ ಗಾಡಿ ಹಿಂಚಕ್ರ ಕಳಚಿಬಿತ್ತು. ನಾನೇ ಬಿಗಿ ಮಾಡಿದ್ದು. ಮಾಡಿದೀನಿ ಅಂದ್ಕೊಂಡಿದ್ದೆ. ಅವಳ ಗಲ್ಲದ ಮೇಲಿದೆಯಲ್ಲ ಗಾಯದ ಕಲೆ, ಅದೇ. ಅವತ್ತಿಂದ ಈ ಕೈ ನನ್ನ ಮಾತು ಕೇಳಲ್ಲ ಕಡ್ಡಿ. ನಿನ್ನ ಆಕ್ಸಲ್ಲನ್ನ ಎಂಟು ತಿಂಗಳು ಮುಟ್ಟದೆ ತಡ್ಕೊಂಡೆ, ಇವತ್ತು ಬೆಳಗ್ಗೆ ಆಗ್ಲಿಲ್ಲ. ಅವಳು ಹತ್ಕೊಂಡು ಹೋಗೋ ಗಾಡಿ ಅಂತ."

ಅಮ್ಮ ಆ ಕಲೆಯನ್ನು ಚಿಕ್ಕಂದಿನಲ್ಲಿ ಮರ ಹತ್ತಿ ಬಿದ್ದದ್ದು ಎಂದೇ ಹೇಳಿಕೊಂಡು ಬಂದಿದ್ದಳು. ಕಡ್ಡಿಗೆ ಅಪ್ಪನ ಮೇಲಿದ್ದ ಬೆಳಗಿನ ಸಿಟ್ಟು ಎಲ್ಲಿ ಹೋಯಿತೋ, ಹುಡುಕಿದರೂ ಸಿಗಲಿಲ್ಲ.

"ನಾಲ್ಕು ಸಾಕಾ ಅಪ್ಪಾ?" ಅಂದಳು. "ಅಮ್ಮ ಹತ್ತೋ ಗಾಡಿ ಅಂತಲೇ ಹೇಳು."

ಮೇಸ್ತ್ರಿ ಹಿಡಿಯನ್ನು ಇನ್ನೊಮ್ಮೆ ತಿರುಗಿಸಿದ. ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಿಸಿದ. ಕಿವಿ ಇಟ್ಟು ಕೇಳಿದ. ಆಮೇಲೆ ಐದನೆಯ ವಾಷರನ್ನು ಡಬ್ಬಿಗೆ ಹಾಕಿದ.

"ಸಾಕು," ಅಂದ. ಆ ಪದವನ್ನು ಅವನ ಬಾಯಲ್ಲಿ ಆ ಅಂಗಡಿ ಅದುವರೆಗೆ ಕೇಳಿರಲಿಲ್ಲ.

ಸೋಪು ಹಾಕಿ ಕೈ ತೊಳೆದುಕೊಂಡು ಹೊರಟು, ನಾಲ್ಕೂವರೆಗೆ ಡಿಪೋದ ಗೇಟು ದಾಟಿದರು. ಮಧ್ಯಾಹ್ನದ ಅಂಚೆ ಮುಗಿಸಿ ಬಂದವರೆಲ್ಲ ಮನೆಗೆ ಹೋಗದೆ ಕಾಯುತ್ತಿದ್ದರು. ಅಮ್ಮನ ಬೀದಿಗಳು ದೂರ, ಅವಳಿನ್ನೂ ಬಂದಿರಲಿಲ್ಲ. ಸಾಹೇಬರು ಮೊದಲು ಮೇಸ್ತ್ರಿಯನ್ನೇ ಮುಂದಕ್ಕೆ ಕರೆದರು.

"ಬಿಗಿ ಮಾಡಿ. ಬೆಳಗ್ಗೆ ಮಾಡಿದ ಹಾಗೇ. ಪೈಪ್ ಹಾಕಿ."

ಎರಡಡಿ ಪೈಪ್ ಬಂತು. ಮೇಸ್ತ್ರಿ ಅದನ್ನು ಹಿಡಿಗೆ ಸಿಕ್ಕಿಸಿ, ಕಾಲು ಅಗಲಿಸಿ, ಪೂರ್ತಿ ಬಲ ಹಾಕಿದ. ಟಕ್. ಅಂಗಳ ಉಸಿರು ಬಿಗಿಹಿಡಿಯಿತು. ಟಕ್, ಟಕ್, ಟಕ್. ಕುತ್ತಿಗೆಯ ನರ ಉಬ್ಬಿತು. ಟಕ್. ಅವನು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಇನ್ನೊಂದು ಕಡೆಯಿಂದ ಬಂದು ಹಿಡಿದ. ಟಕ್, ಟಕ್, ಟಕ್, ಟಕ್, ಟಕ್. ಹಾಕಿದ ಬಲ ಎಷ್ಟು ಪ್ರಾಮಾಣಿಕವಾಗಿತ್ತೆಂದರೆ ಅಂಗಿಯ ಗುಂಡಿ ಒಂದು ಹಾರಿಹೋಯಿತು.

"ಆಗ್ತಿಲ್ಲ!" ಅಂತ ಕೂಗಿದ. ಅವನ ಮುಖ ನೋಡಬೇಕಿತ್ತು. ಲಾಟರಿ ಹೊಡೆದವನ ಮುಖ. "ಸಾಹೇಬ್ರೇ, ಆಗ್ತಿಲ್ಲ! ನನ್ನ ಕೈಲಿ ಆಗ್ತಿಲ್ಲ!"

"ನಾನು ನೋಡ್ತೀನಿ, ಕೊಡ್ರಿ ಇಲ್ಲಿ," ಎಂದು ನಾಲ್ಕ್ನಿಮಿಷ ಪೈಪ್ ಕಿತ್ತುಕೊಂಡ. ಟಕ್, ಟಕ್, ಟಕ್. ಅವನ ಹಿಂದೆ ಮಾವನ ಕಾಟದವನು. ಅವನ ಹಿಂದೆ ಜಾಡಿಯ ಗಂಡ. ನೋಡುನೋಡುತ್ತಿದ್ದಂತೆ ಸಾಲು ಗೇಟಿನವರೆಗೂ ಬೆಳೆಯಿತು. ಎಷ್ಟು ಬಿಗಿದರೂ ಅತಿಯಾಗದ ಸುಖ ಅವರಲ್ಲಿ ಯಾರೂ ಕಂಡದ್ದಲ್ಲ. ಒಬ್ಬರು ಎರಡನೆಯ ಸಲ ಸಾಲಿಗೆ ನುಗ್ಗಿ ಸಿಕ್ಕಿಬಿದ್ದು ಜಗಳವಾಯಿತು. ಕೊನೆಗೆ ಸಾಹೇಬರೇ ಕೋಟು ತೆಗೆದು ಕುರ್ಚಿಯ ಮೇಲಿಟ್ಟು, "ನಿಯಮದ ಪ್ರಕಾರ ನಾನೂ ನೋಡಬೇಕಾಗುತ್ತೆ," ಎಂದು ಪೈಪ್ ಹಿಡಿದರು. ಆ ನಿಯಮ ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ. ಟಕ್ ಟಕ್ ಟಕ್ ಟಕ್ ಟಕ್.

ಕಡ್ಡಿ ಗೋಡೆಯ ಗಡಿಯಾರ ನೋಡಿದಳು. ಐದಕ್ಕೆ ಮೂರು ನಿಮಿಷ.

"ಬಿಡ್ರೀ ಎಲ್ಲರೂ!" ಎಂದು ಕಿರುಚಿದಳು. "ನಾನಿನ್ನೂ ಬಿಚ್ಚೇ ಇಲ್ಲ!"

ಸಾಹೇಬರು ಬೆಚ್ಚಿಬಿದ್ದು ಪೈಪ್ ಕೈಬಿಟ್ಟು ಗಡಿಯಾರ ಒತ್ತಿದರು. ಕಡ್ಡಿ ಕೂತಳು. ಇಷ್ಟು ಜನ ಇಷ್ಟು ಹೊತ್ತು ಇಷ್ಟು ಬಲ ಹಾಕಿದ ಹಿಡಿಯನ್ನು ಒಂದೇ ಕೈಯಲ್ಲಿ ಹಿಡಿದು ತಿರುಗಿಸಿದಳು. ಬಂತು. ನಾಲ್ಕು ಸುತ್ತು, ಸರಳು ಹೊರಗೆ, ವಾಷರ್ ಅಂಗೈಗೆ, ಚಕ್ರ ನೆಲಕ್ಕೆ. ಅದನ್ನು ತಲೆಯ ಮೇಲೆತ್ತಿ ಎಲ್ಲರಿಗೂ ತೋರಿಸಲೂ ಅವಳಿಗೆ ಹೊತ್ತು ಸಿಕ್ಕಿತು. ಮತ್ತೆ ಚಕ್ರ ಒಳಗೆ, ವಾಷರ್, ಸರಳು, ನಾಲ್ಕು ಸುತ್ತು, ಟಕ್.

"ನಲವತ್ತೊಂದು ಸೆಕೆಂಡು," ಅಂದರು ಸಾಹೇಬರು. ಕರವಸ್ತ್ರ ಕೊಟ್ಟರು. ಕಡ್ಡಿ ಕೈ ಒರೆಸಿದಳು. ಅವರು ಅದನ್ನು ಬಿಚ್ಚಿ ಹಿಂದೆ ಮುಂದೆ ನೋಡಿ, ಬೆವರಿದ್ದ ತಮ್ಮ ಮುಖವನ್ನು ಅದರಿಂದಲೇ ಒರೆಸಿಕೊಂಡು, ಕಾಗದದ ಮೇಲೆ 'ಪಾಸು' ಎಂದು ಬರೆದು ರುಜು ಹಾಕಿದರು. ಐದು ಹೊಡೆಯಿತು.

ಆಮೇಲಿನ ಗದ್ದಲ ಹೇಳತೀರದು. ಕಡ್ಡಿಯನ್ನು ಎತ್ತಿದರು, ಸೈಕಲ್ಲನ್ನೂ ಎತ್ತಿದರು, ತಬ್ಬಿಬ್ಬಿನಲ್ಲಿ ಸಾಹೇಬರನ್ನೂ ಸ್ವಲ್ಪ ಎತ್ತಿ ಇಳಿಸಿದರು. ಅದೇ ಹೊತ್ತಿಗೆ ಅಮ್ಮ ಖಾಲಿ ಚೀಲ ನೇತುಹಾಕಿಕೊಂಡು ಗೇಟಿನೊಳಗೆ ಬಂದಳು. ಮೊದಲು ಕಂಡವನು ಗಂಡ. ಅಂಗಿಯ ಗುಂಡಿ ಕಿತ್ತುಹೋಗಿತ್ತು, ಕಣ್ಣು ತುಂಬಿ ಕೆನ್ನೆಯ ಮೇಲೆ ನೀರು ಹರಿಯುತ್ತಿತ್ತು.

"ಸೋತೆ ಕಣೇ!" ಎಂದು ಅವನು ಎರಡೂ ತೋಳು ಚಾಚಿಕೊಂಡು ಓಡಿಬಂದ. "ನಾನು ಸೋತುಹೋದೆ!"

ಅಮ್ಮನ ಕೈಯಿಂದ ಸೈಕಲ್ ಜಾರಿ ಬಿತ್ತು. ಅವಳು ಅವನನ್ನು ದಾಟಿಕೊಂಡು ನೇರ ಕಡ್ಡಿಯ ಹತ್ತಿರ ಬಂದು ಅವಳನ್ನು ಎದೆಗೆ ಅವುಚಿಕೊಂಡಳು. "ಹೋಗ್ಲಿ ಬಿಡು ಮಗಳೇ. ಐದು ವರ್ಷ ಏನು ಮಹಾ. ನಾನು ನಿನ್ನ ಆಕ್ಸಲ್ಲೇ ಹಾಕ್ಕೊಂಡು ಓಡಾಡ್ತೀನಿ, ಯಾರು ಬೇಡ ಅಂತಾರೋ ನೋಡ್ತೀನಿ."

ಕಡ್ಡಿಗೆ ನಗುವಿನಲ್ಲಿ ಮಾತೇ ಹೊರಡಲಿಲ್ಲ. ಅಮ್ಮ ಅದನ್ನು ಅಳು ಎಂದುಕೊಂಡು ಇನ್ನೂ ಗಟ್ಟಿಯಾಗಿ ಅವುಚಿದಳು. ಕೊನೆಗೆ ಮೇಸ್ತ್ರಿಯೇ ಬಂದು ಹೆಂಡತಿಯ ಭುಜ ಹಿಡಿದು ತಿರುಗಿಸಿದ.

"ಅಲ್ಲ ಕಣೇ! ಪಾಸು! ಪೈಪ್ ಹಾಕಿದೆ, ಪೂರ್ತಿ ಬಲ ಹಾಕಿದೆ, ಜಗ್ಗಲಿಲ್ಲ! ನಿನ್ನ ಮಗಳ ಆಕ್ಸಲ್ ನನ್ನ ಮಾತು ಕೇಳಲ್ಲ ಕಣೇ! ಎಷ್ಟು ಬೇಕೋ ಅಷ್ಟು ಬಿಗಿಯಾಗಿ, ಆಮೇಲೆ ಹೋಗೋ ಮುದುಕ ಅನ್ನುತ್ತೆ! ಎಂಥದು ಮಾಡಿದಾಳೆ ಗೊತ್ತಾ! ಇಷ್ಟು ವರ್ಷದಲ್ಲಿ ಇಂಥದು ನಾನು ಕಂಡಿಲ್ಲ!"

ಕಡ್ಡಿಯ ನಗು ಅಲ್ಲೇ ನಿಂತಿತು. ಮೂರು ವರ್ಷ ಅವಳು ಕಾದದ್ದು ಒಂದು "ಪರವಾಗಿಲ್ಲ"ಕ್ಕೆ.

ಅಮ್ಮ ಗಂಡನನ್ನು ನೋಡಿದಳು, ಮಗಳನ್ನು ನೋಡಿದಳು, ಸಾಹೇಬರ ಕೈಯಲ್ಲಿದ್ದ ಕಾಗದ ನೋಡಿದಳು. ಎಲ್ಲ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಬಿದ್ದಿದ್ದ ಸೈಕಲ್ಲನ್ನು ಎತ್ತಿ ನಿಲ್ಲಿಸಿ, ಮಗಳ ಬೆನ್ನಿನ ಮೇಲೆ ಒಂದು ಬಿಟ್ಟಳು, ಪ್ರೀತಿಯದು, ಆದರೂ ಜೋರಾಗಿಯೇ.

"ನೀನು ಮೂರು ವರ್ಷದಲ್ಲಿ ಮಾಡಿಬಿಟ್ಯಲ್ಲೇ," ಅಂದಳು. "ಇವರ ಬಾಯಲ್ಲಿ 'ಸೋತೆ' ಅನ್ನಿಸೋಕೆ ನಾನು ಇಪ್ಪತ್ತೆಂಟು ವರ್ಷದಿಂದ ಒದ್ದಾಡ್ತಿದೀನಿ!"